ಗಾಯ ಮಾಯುವ ಮುನ್ನ ರುಜು ಹಾಕಬೇಡಿ

ಅಪಘಾತದ ಬಳಿಕ ವಿಮಾ ಕಂಪನಿಯೊಡನೆ ವ್ಯವಹಾರ ಹೇಗೆ?

ಕಬ್ಬು ಅರೆಯುವ ಕಾಲ ಬಂದಿತೆಂದರೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರಸ್ತೆಗಳಿಗೆ ಬಿಡುವಿರುವುದಿಲ್ಲ. ಮಂಡ್ಯದ ಮೈಷುಗರ್, ಕೊಪ್ಪ, ಕೆ.ಎಂ. ದೊಡ್ಡಿ ಕಾರ್ಖಾನೆಗಳ ಕಡೆಗೆ ಹೊರೆ ಹೊತ್ತ ಟ್ರಾಕ್ಟರುಗಳೂ ಲಾರಿಗಳೂ ಹಗಲಿರುಳೂ ಸಾಗುತ್ತವೆ. ಹಿಂದೀಪವಿಲ್ಲದ ಟ್ರೈಲರು ಕತ್ತಲಲ್ಲಿ ರಸ್ತೆಯ ಮಗ್ಗುಲಲ್ಲಿ ನಿಂತಿರುತ್ತದೆ. ಡೇರಿಗೆ ಹಾಲು ಹಾಕಿ ಮನೆಗೆ ಮರಳುವ ಬೈಕು ಅದಕ್ಕೆ ಬಡಿಯುತ್ತದೆ. ಮಳವಳ್ಳಿಯ ಮೇಲೆ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲಿ ವಾಹನಗಳ ವೇಗ ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯಂತೂ 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾಯಿತು.

ಬೆಳೆಗೆ ರೋಗ ತಗುಲಿದರೆ ಏನು ಮಾಡಬೇಕೆಂದು ನಮ್ಮ ರೈತರಿಗೆ ತಿಳಿದಿದೆ. ದುಡಿಯುವ ಮನುಷ್ಯನ ಕಾಲು ಮುರಿದಾಗ ಆಸ್ಪತ್ರೆಯ ದಾರಿಯೂ ತಿಳಿದಿದೆ. ಆದರೆ ಆ ಮುರಿದ ಕಾಲಿನಿಂದಾಗುವ ನಷ್ಟವನ್ನು ಯಾರು, ಎಷ್ಟು, ಯಾವಾಗ ತುಂಬಿಕೊಡಬೇಕು ಎಂಬುದು ಅನೇಕರಿಗೆ ತಿಳಿಯದು. ತಿಳಿಯದಿರುವುದರಿಂದ ಲಕ್ಷಗಟ್ಟಲೆ ಹಣ ಕೈತಪ್ಪುತ್ತದೆ. ಜಮೀನು ಭೋಗ್ಯಕ್ಕೆ ಹೋಗುತ್ತದೆ. ಆದಕಾರಣ ಈ ಸಂಚಿಕೆಯಲ್ಲಿ ಆ ವಿಷಯವನ್ನು ವಿವರಿಸುತ್ತೇನೆ.

ಸಾರವನ್ನು ಮೊದಲೇ ಹೇಳಿಬಿಡುತ್ತೇನೆ: ಅರ್ಜಿಯನ್ನು ಬೇಗ ಹಾಕಿ, ರಾಜಿಗೆ ಅವಸರ ಪಡಬೇಡಿ. ಬಿತ್ತನೆಯ ಹದ ತಪ್ಪಿದರೆ ಬೆಳೆಯಿಲ್ಲ. ಕಬ್ಬು ಬಲಿಯುವ ಮೊದಲೇ ಕಡಿದರೆ ಇಳುವರಿಯಿಲ್ಲ. ಪರಿಹಾರದ ವ್ಯವಹಾರವೂ ಹಾಗೆಯೇ.

ಹಣ ಕೊಡುವವರು ಯಾರು?

ಮೋಟಾರು ವಾಹನ ಕಾಯಿದೆಯಂತೆ ರಸ್ತೆಗೆ ಇಳಿಯುವ ಪ್ರತಿಯೊಂದು ವಾಹನಕ್ಕೂ ವಿಮೆ ಇರತಕ್ಕದ್ದು. ವಾಹನದ ಮಾಲೀಕ ಒಂದನೆಯ ಪಕ್ಷ, ವಿಮಾ ಕಂಪನಿ ಎರಡನೆಯ ಪಕ್ಷ. ಆ ವಾಹನದಿಂದ ಪೆಟ್ಟು ತಿಂದ ನೀವು ಮೂರನೆಯ ಪಕ್ಷ. ಈ ಮೂರನೆಯ ಪಕ್ಷದವರಿಗಾಗಿಯೇ ಕಾನೂನು ವಿಮೆಯನ್ನು ಕಡ್ಡಾಯ ಮಾಡಿದೆ. ಲಾರಿಯ ಮಾಲೀಕ ಪ್ರತಿ ವರ್ಷವೂ ಕಂತು ಕಟ್ಟುವುದು ಇದಕ್ಕಾಗಿಯೇ.

ಆದುದರಿಂದ ಕಂಪನಿ ಕೊಡುವ ಹಣ ಧರ್ಮವಲ್ಲ, ಭಿಕ್ಷೆಯಲ್ಲ. ಹಾಗೆಯೇ ಮಾಲೀಕ ಬಡವನೆಂದು ಮರುಗಿ ನೀವು ದೂರು ಕೊಡದೆ ಸುಮ್ಮನಾದರೆ ಉಳಿಯುವುದು ಅವನ ಹಣವಲ್ಲ, ಕಂಪನಿಯ ಹಣ. ಕೆ.ಎಸ್.ಆರ್.ಟಿ.ಸಿ. ಬಸ್ಸಿನಿಂದ ಪೆಟ್ಟಾದರೆ ಹೊರಗಿನ ಕಂಪನಿ ಬಾರದೆ ಇರಬಹುದು; ನಿಗಮಕ್ಕೆ ತನ್ನದೇ ಆಂತರಿಕ ವಿಮಾ ನಿಧಿ ಉಂಟು. ಅರ್ಜಿಯ ಕ್ರಮ ಮಾತ್ರ ಒಂದೇ.

ಮೊದಲ ದಿನದ ಕೆಲಸ

ಮೊದಲು ಜೀವ, ಆಮೇಲೆ ಕಾಗದ. 108ಕ್ಕೆ ಅಥವಾ 112ಕ್ಕೆ ಫೋನು ಮಾಡಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿರಿ. ಸೇರಿಸಿದವರನ್ನು ಸಾಕ್ಷಿಯಾಗೆಂದು ಬಲವಂತಪಡಿಸಕೂಡದು, ಅವರ ಮೇಲೆ ಮೊಕದ್ದಮೆ ಹೂಡಕೂಡದು ಎಂದು ಕಾನೂನು ಸ್ಪಷ್ಟವಾಗಿ ಹೇಳಿದೆ, ಹೆದರದೆ ನೆರವಾಗಿರಿ. ಕೇಂದ್ರ ಸರ್ಕಾರ 2025ರ ಮೇ 5ರಂದು ಹೊರಡಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ ಕೈಯಿಂದ ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಹಕ್ಕಿದೆ. ಸೇರಿಸುವಾಗಲೇ ಅದನ್ನು ವಿಚಾರಿಸಿರಿ.

ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯಿತು?" ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಈ ಮೊದಲ ಬರಹಕ್ಕೆ ಬಹಳ ಬೆಲೆಯಿದೆ. ಗಾಬರಿಯಲ್ಲಿ ಜೊತೆಯವರು "ಬೈಕಿನಿಂದ ಬಿದ್ದ" ಎಂದಷ್ಟೇ ಹೇಳಿದರೆ ಹಾಗೆಯೇ ದಾಖಲಾಗುತ್ತದೆ. ಹದಿನೈದು ದಿನದ ಮೇಲೆ ಠಾಣೆಯಲ್ಲಿ "ಲಾರಿ ಗುದ್ದಿತು" ಎಂದು ದೂರು ಕೊಟ್ಟಾಗ ಕಂಪನಿಯ ವಕೀಲರು ಆ ರಿಜಿಸ್ಟರನ್ನೇ ತರಿಸಿ ತೋರಿಸುತ್ತಾರೆ. ನಿಜವಾದ ಅಪಘಾತವೂ ಸುಳ್ಳಾಗಿ ಕಾಣುತ್ತದೆ. ಆದ್ದರಿಂದ ಯಾವ ವಾಹನ, ಯಾವ ಕಡೆಯಿಂದ ಬಂದಿತು, ನಂಬರು ತಿಳಿದಿದ್ದರೆ ಅದೇನು ಎಂಬುದನ್ನು ಆಗಲೇ ಹೇಳಿ ಬರೆಸಿರಿ.

ಮೂಳೆ ಮುರಿದವರಲ್ಲಿ ಕೆಲವರು ಆಸ್ಪತ್ರೆಯ ಮುಖ ನೋಡದೆ ನೇರವಾಗಿ ಮೂಳೆ ಕಟ್ಟುವವರಲ್ಲಿಗೆ ಹೋಗುವುದುಂಟು. ಅದರಿಂದ ವಾಸಿಯಾಗುವುದೋ ಇಲ್ಲವೋ ಬೇರೆ ಮಾತು; ಅಲ್ಲಿ ಎಕ್ಸ್‌ರೇ ಇರುವುದಿಲ್ಲ, ಗಾಯದ ಪ್ರಮಾಣಪತ್ರ ಇರುವುದಿಲ್ಲ, ರಶೀತಿಯೂ ಇರುವುದಿಲ್ಲ. ಮದ್ದೂರು ಅಥವಾ ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಾಗಲಿ ಮೊದಲು ತೋರಿಸಿ ದಾಖಲೆ ಮಾಡಿಸಿರಿ.

ಬಳಿಕ ಪೋಲೀಸ್ ಠಾಣೆ. ಅಪಘಾತವಾದ ಸ್ಥಳ ಯಾವ ಠಾಣೆಯ ಸರಹದ್ದಿಗೆ ಸೇರಿದೆಯೋ ಅಲ್ಲಿ ಮನೆಯವರು ಯಾರಾದರೂ ಫಿರ್ಯಾದು ಕೊಡಬಹುದು. ಗಾಯಾಳುವೇ ಎದ್ದು ಹೋಗಬೇಕಿಲ್ಲ. ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಪಡೆಯುವುದು ಫಿರ್ಯಾದುದಾರರ ಹಕ್ಕು. ಚಿಕಿತ್ಸೆಯ ಓಡಾಟದಲ್ಲಿ ಕೆಲವು ದಿನ ತಡವಾದರೆ ಧೈರ್ಯಗೆಡಬೇಡಿ. ಎಫ್.ಐ.ಆರ್. ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಅಪಘಾತದ ಪರಿಹಾರವನ್ನು ತಳ್ಳಿಹಾಕಕೂಡದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೆ ತಡವಾದುದೇಕೆಂದು ಫಿರ್ಯಾದಿನಲ್ಲೇ ಬರೆಯಿರಿ.

ವಾಹನದ ನಂಬರು ಇದ್ದರೆ ಅದಕ್ಕೆ ವಿಮೆ ಇದೆಯೋ ಇಲ್ಲವೋ ಎಂಬುದನ್ನು ಎಂ-ಪರಿವಾಹನ್ ಎಂಬ ಸರ್ಕಾರಿ ಆಪ್‌ನಲ್ಲಿ ನೋಡಬಹುದು. ಊರಿನ ಓದಿದ ಹುಡುಗರಿಗೆ ಹೇಳಿದರೆ ಎರಡು ನಿಮಿಷದ ಕೆಲಸ.

ಕಾಗದದ ಗಂಟು

ಕಾರ್ಖಾನೆಯ ತೂಕದ ಚೀಟಿಯನ್ನು ನೀವು ಕಳೆಯುವುದಿಲ್ಲ. ಚೀಟಿ ಕಳೆದರೆ ಕಬ್ಬಿನ ಹಣಕ್ಕೆ ಆಧಾರವಿಲ್ಲ. ಅಪಘಾತದ ಕಾಗದಗಳನ್ನೂ ಅಷ್ಟೇ ಜೋಪಾನವಾಗಿ ಒಂದು ಚೀಲದಲ್ಲಿ ಇಡಿರಿ:

1. ಎಫ್.ಐ.ಆರ್., ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ಇನ್‌ಸ್ಪೆಕ್ಟರರ ವರದಿ, ಮುಂದೆ ದೋಷಾರೋಪಣ ಪಟ್ಟಿ.

2. ಗಾಯದ ಪ್ರಮಾಣಪತ್ರ, ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಚೀಟಿ, ಎಕ್ಸ್‌ರೇ ಫಿಲಮುಗಳು.

3. ಔಷಧಿಯ ಪ್ರತಿಯೊಂದು ಬಿಲ್ಲು, ಅದರ ಜೊತೆಗೆ ಡಾಕ್ಟರ ಚೀಟಿ. ಚೀಟಿಯಿಲ್ಲದ ಬಿಲ್ಲಿಗೆ ಬೆಲೆ ಕಡಿಮೆ.

4. ಆಸ್ಪತ್ರೆಗೆ ಹೋಗಿಬಂದ ಬಾಡಿಗೆ ಕಾರಿನ ರಶೀತಿ. ಯಾವ ದಿನ, ಎಲ್ಲಿಂದ ಎಲ್ಲಿಗೆ ಎಂಬುದು ಅದರಲ್ಲಿರಲಿ.

5. ಆದಾಯದ ಆಧಾರ: ಪಹಣಿ, ಕಾರ್ಖಾನೆಯ ಹಣ ಜಮೆಯಾದ ಬ್ಯಾಂಕ್ ಪುಸ್ತಕ, ಹಾಲಿನ ಸಂಘದ ಪಾಸ್‌ಬುಕ್.

6. ನಿಮ್ಮ ಬದಲಿಗೆ ಗದ್ದೆಯ ಕೆಲಸಕ್ಕೆ ಆಳು ಇಟ್ಟಿದ್ದರೆ ಆ ಕೂಲಿಯ ಲೆಕ್ಕ. ದಿನಾಂಕ ಹಾಕಿ ಒಂದು ನೋಟು ಪುಸ್ತಕದಲ್ಲಿ ಬರೆಯಿರಿ.

ಕೊನೆಯ ಎರಡು ವಿಷಯಗಳನ್ನು ರೈತರು ಕಡೆಗಣಿಸುತ್ತಾರೆ. "ಜಮೀನು ಅಲ್ಲೇ ಇದೆಯಲ್ಲ, ಬೆಳೆಯೂ ಬರುತ್ತಿದೆ, ನಷ್ಟವೆಲ್ಲಿ?" ಎಂದು ಕಂಪನಿಯವರು ವಾದಿಸುವುದುಂಟು. ನೀರು ಕಟ್ಟುವವನು, ನಾಟಿಗೆ ಆಳು ಹೊಂದಿಸುವವನು, ರಾತ್ರಿ ಪಾಳಿಯ ನಾಲೆ ನೀರಿಗೆ ಕಾಯುವವನು ಮಲಗಿದಾಗ ಆ ಕೆಲಸಕ್ಕೆಲ್ಲ ಹಣ ತೆರಬೇಕು; ಅದೇ ನಷ್ಟ. ಅದು ಲೆಕ್ಕದಲ್ಲಿ ಕಾಣಬೇಕಾದರೆ ಬರೆದಿಟ್ಟಿರಬೇಕು. ಮನೆಯ ಹೆಣ್ಣುಮಕ್ಕಳ ದುಡಿಮೆಗೂ ಬೆಲೆಯುಂಟು. ಗೃಹಿಣಿಯ ಕೆಲಸಕ್ಕೆ ಆದಾಯ ಕಟ್ಟಿ ಪರಿಹಾರ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟು 2021ರಲ್ಲಿ ಮತ್ತೊಮ್ಮೆ ಎತ್ತಿಹಿಡಿದಿದೆ.

ಕೂಲಿಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅದಕ್ಕೂ ಉತ್ತರವಿದೆ. 2004ರಲ್ಲಿ ಅಪಘಾತಕ್ಕೀಡಾದ ಕರ್ನಾಟಕದ ಒಬ್ಬ ಕೂಲಿಕಾರರು ತಮ್ಮ ಆದಾಯ ತಿಂಗಳಿಗೆ 4,500 ರೂಪಾಯಿ ಎಂದಿದ್ದರು. ನ್ಯಾಯಮಂಡಳಿ 3,000 ಎಂದು ಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟು, ಕೂಲಿಯವರು ಕಾಗದ ತೋರಿಸಲಾರರು, ಕೇಳಿದ ಮೊತ್ತ ಆ ಕಾಲದ ಕೂಲಿದರಕ್ಕೆ ಹೊಂದುವಂತಿದೆ ಎಂದು 4,500ನ್ನೇ ಒಪ್ಪಿತು. ಇದ್ದದ್ದನ್ನು ಇದ್ದಂತೆ ಹೇಳಿದರೆ ನಂಬುವವರಿದ್ದಾರೆ.

ಅರ್ಜಿಗೆ ಆರು ತಿಂಗಳ ವಾಯಿದೆ

ಪರಿಹಾರದ ಅರ್ಜಿಯನ್ನು ವಿಚಾರಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಮಂಡ್ಯ ಜಿಲ್ಲೆಯ ನ್ಯಾಯಾಲಯಗಳಲ್ಲಿ ಈ ಅಧಿಕಾರವುಳ್ಳ ನ್ಯಾಯಾಧೀಶರಿದ್ದಾರೆ. ಅಪಘಾತ ಬೆಂಗಳೂರಿನಲ್ಲಿ ಆಗಿದ್ದರೂ ನೀವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಲು ಕಾನೂನು ಅವಕಾಶ ಕೊಟ್ಟಿದೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಬೀಳತಕ್ಕದ್ದು. ಈ ಕಾಲಮಿತಿ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿದೆ. ಅವಧಿ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಕೂಡದೆಂದು 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಆರು ತಿಂಗಳು ಕಳೆದವರು ಕೈಚೆಲ್ಲಿ ಕೂರದೆ ವಕೀಲರನ್ನು ಕಾಣಿರಿ. ಆದರೆ ಈಗ ಗಾಯಗೊಂಡವರು ಆ ಆದೇಶವನ್ನು ನೆಚ್ಚಿ ತಡ ಮಾಡಕೂಡದು.

2022ರ ನಿಯಮಗಳಂತೆ ಪೋಲೀಸರು 48 ಗಂಟೆಗಳೊಳಗೆ ಅಪಘಾತದ ಮೊದಲ ವರದಿಯನ್ನೂ 90 ದಿನಗಳೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳುಹಿಸಬೇಕು. ಕಂಪನಿಗೂ ಪ್ರತಿ ಹೋಗುತ್ತದೆ. ಈ ವರದಿ ಹೋಗಿದೆಯೇ ಎಂದು ಠಾಣೆಯಲ್ಲಿ ವಿಚಾರಿಸಿರಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ.

"ಗಾಯವಿನ್ನೂ ಮಾಯಲಿಲ್ಲ, ವಾಸಿಯಾದ ಮೇಲೆ ಅರ್ಜಿ ಹಾಕೋಣ" ಎನ್ನುವವರಿದ್ದಾರೆ. ಅದು ತಪ್ಪು. ಅರ್ಜಿ ಹಾಕಲು ವಾಸಿಯಾಗಬೇಕಿಲ್ಲ. ಮುಂದಿನ ಬಿಲ್ಲುಗಳನ್ನೂ ಅಂಗವೈಕಲ್ಯದ ಸಾಕ್ಷ್ಯವನ್ನೂ ವಿಚಾರಣೆಯ ಕಾಲದಲ್ಲಿ ಒದಗಿಸಬಹುದು. ಇನ್ನೊಂದು ಲಾಭವೂ ಉಂಟು: ತೀರ್ಪಿನ ಹಣದ ಮೇಲಿನ ಬಡ್ಡಿಯನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬಹುದು, ಅದಕ್ಕೆ ಹಿಂದಿನ ದಿನಗಳಿಗೆ ಬಡ್ಡಿಯಿಲ್ಲ. ತಡವಾದಷ್ಟೂ ಬಡ್ಡಿ ಹೋದಂತೆ.

ರಾಜಿಗೆ ಕರೆದಾಗ

ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಮೂವತ್ತೆಂಟು ವರ್ಷದ ರೈತರೊಬ್ಬರಿಗೆ ಲಾರಿ ಬಡಿದು ಮೊಣಕಾಲ ಕೆಳಗೆ ಎರಡು ಮೂಳೆ ಮುರಿಯಿತು. ಮೂರನೆಯ ದಿನ ಲಾರಿಯ ಮಾಲೀಕರು ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಆಸ್ಪತ್ರೆಗೆ ಬಂದರು. "ಕೋರ್ಟು ಕಚೇರಿ ಯಾಕೆ, ನಲವತ್ತು ಸಾವಿರ ಇಟ್ಟುಕೊಳ್ಳಿ, ಕೇಸು ಬೇಡ" ಎಂದರು. ಸ್ಟಾಂಪು ಕಾಗದ ಸಿದ್ಧವಾಗಿತ್ತು. ನಲವತ್ತು ಸಾವಿರ ಆ ಹೊತ್ತಿಗೆ ದೊಡ್ಡ ಮೊತ್ತವಾಗಿಯೇ ಕಾಣುತ್ತದೆ.

ಈಗ ಕಾನೂನಿನ ಲೆಕ್ಕ ನೋಡೋಣ. ಸುಪ್ರೀಂ ಕೋರ್ಟು 2009ರಲ್ಲಿ ವಯಸ್ಸಿಗೆ ತಕ್ಕಂತೆ ಒಂದು ಗುಣಕವನ್ನು ಗೊತ್ತುಮಾಡಿದೆ. 26ರಿಂದ 30 ವರ್ಷದವರಿಗೆ 17, 36ರಿಂದ 40ರವರಿಗೆ 15, 46ರಿಂದ 50ರವರಿಗೆ 13, 56ರಿಂದ 60ರವರಿಗೆ 9. ವಯಸ್ಸು ಏರಿದಂತೆ ಇದು ಇಳಿಯುತ್ತದೆ. ನಮ್ಮ ರೈತರ ಆದಾಯ ತಿಂಗಳಿಗೆ 15,000 ಎಂದೂ, ಕಾಲಿನ ಊನದಿಂದ ದುಡಿಯುವ ಶಕ್ತಿ ನೂರಕ್ಕೆ 20ರಷ್ಟು ತಗ್ಗಿತೆಂದೂ ನ್ಯಾಯಮಂಡಳಿ ಒಪ್ಪಿತೆನ್ನಿ:

ವರ್ಷದ ಆದಾಯ: 15,000 × 12 = 1,80,000 ರೂ.
ಅದರಲ್ಲಿ ನೂರಕ್ಕೆ 20: 36,000 ರೂ.
ಗುಣಕ 15ರಂತೆ ಮುಂದಿನ ನಷ್ಟ: 5,40,000 ರೂ.
ಆಸ್ಪತ್ರೆ ಮತ್ತು ಔಷಧಿಯ ಬಿಲ್ಲು: 1,10,000 ರೂ.
ನಾಲ್ಕು ತಿಂಗಳು ಕೆಲಸವಿಲ್ಲದ ನಷ್ಟ: 60,000 ರೂ.
ಒಟ್ಟು: 7,10,000 ರೂ.

ನೋವಿಗೆ, ಬದುಕಿನ ಸುಖ ಕಡಿಮೆಯಾದುದಕ್ಕೆ, ಕಾಲಿಗೆ ಹಾಕಿದ ರಾಡು ತೆಗೆಯುವ ಮುಂದಿನ ಆಪರೇಷನ್ನಿಗೆ ಕೊಡುವ ಹಣ ಇದರಲ್ಲಿ ಸೇರಿಲ್ಲ. ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ತೆರನಾಗುತ್ತದೆ. ಎಲ್ಲರಿಗೂ ಏಳು ಲಕ್ಷವೆಂದು ತಿಳಿಯಬಾರದು. ಆದರೆ ನಲವತ್ತು ಸಾವಿರಕ್ಕೂ ಇದಕ್ಕೂ ಇರುವ ಅಂತರ ನಿಮ್ಮ ಕಣ್ಣ ಮುಂದಿದೆ. ಆ ಸ್ಟಾಂಪು ಕಾಗದದ ನಿಜವಾದ ಕೇಡು ಏನೆಂದರೆ, ಕೇಸೇ ಇಲ್ಲವಾದ ಮೇಲೆ ಕಂಪನಿಯನ್ನು ಕೇಳಲು ಆಧಾರವೇ ಉಳಿಯುವುದಿಲ್ಲ.

ಶೇಕಡಾ 20 ಎಂಬುದು ಮೂರನೆಯ ದಿನ ಯಾರಿಗೂ ತಿಳಿಯುವಂಥದಲ್ಲ ಎಂಬುದನ್ನೂ ಗಮನಿಸಿರಿ. ಮೂಳೆ ಕೂಡಬೇಕು, ಕೀಲು ಎಷ್ಟು ಮಡಿಸುತ್ತದೆ ನೋಡಬೇಕು, ಕಾಲು ಗಿಡ್ಡವಾಯಿತೇ ಅಳೆಯಬೇಕು. ಕಾಲಿಗೆ ಶೇಕಡಾ 45ರಷ್ಟು ಊನವೆಂದರೆ ಇಡೀ ಶರೀರಕ್ಕೆ ಅಷ್ಟೇ ಎಂದಲ್ಲ. ಶರೀರಕ್ಕೆ ಆದ ಊನ, ದುಡಿಮೆಗೆ ಆದ ನಷ್ಟ ಎರಡೂ ಬೇರೆ ಎಂದು 2010ರ ಸುಪ್ರೀಂ ಕೋರ್ಟಿನ ತೀರ್ಪು ವಿವರಿಸಿದೆ. ಕುರ್ಚಿಯಲ್ಲಿ ಕುಳಿತು ಬರೆಯುವವನ ಕಾಲಿನ ಊನವೂ, ಕೆಸರುಗದ್ದೆಯಲ್ಲಿ ನಿಲ್ಲಬೇಕಾದವನ ಕಾಲಿನ ಊನವೂ ಒಂದೇ ಆಗಲಾರವು. ನೀವು ಮಾಡುವ ಕೆಲಸ ಯಾವುದು, ಅದರಲ್ಲಿ ಈಗ ಯಾವುದು ಆಗದು ಎಂಬುದನ್ನು ಚಿಕಿತ್ಸೆ ಮಾಡಿದ ಡಾಕ್ಟರಿಗೂ ನ್ಯಾಯಾಧೀಶರಿಗೂ ಬಿಡಿಸಿ ಹೇಳಿರಿ.

ಇನ್ನು ಕಂಪನಿಯ ಅಧಿಕಾರಿ ಬಂದಾಗ. ಅವರು ನಿಮ್ಮ ಶತ್ರುವಲ್ಲ. ನೀವು ನಿಮ್ಮ ಗದ್ದೆಯ ಬದು ಕಾಯುವಂತೆ ಅವರು ಕಂಪನಿಯ ಹಣ ಕಾಯುತ್ತಾರೆ. ಮರ್ಯಾದೆಯಿಂದ ಮಾತನಾಡಿಸಿ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿರಿ. ಆದರೆ ಬರಿಯ ಕಾಗದಕ್ಕೆ ರುಜುವಾಗಲಿ ಹೆಬ್ಬೆಟ್ಟಾಗಲಿ ಹಾಕಕೂಡದು. ಮೂಲ ಕಾಗದ ಕೊಡದೆ ಜೆರಾಕ್ಸ್ ಕೊಟ್ಟು, ಕೊಟ್ಟುದಕ್ಕೆ ರಶೀತಿ ಪಡೆಯಿರಿ. ಇಂಗ್ಲಿಷಿನಲ್ಲಿ ಬರೆದುದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳದೆ ಒಪ್ಪಬೇಡಿ.

ಕಾನೂನಿನಂತೆ ಕಂಪನಿ ತಾನಾಗಿ ಒಂದು ಮೊತ್ತವನ್ನು ಮುಂದಿಡಬಹುದು. ನೀವು ಒಪ್ಪಿದರೆ ನ್ಯಾಯಮಂಡಳಿ ಅದನ್ನು ದಾಖಲಿಸುತ್ತದೆ, ಕಂಪನಿ 30 ದಿನಗಳೊಳಗೆ ಹಣ ಕೊಡಬೇಕು. ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತಾಗುತ್ತದೆ. ಒಪ್ಪದಿರುವುದು ತಪ್ಪಲ್ಲ.

ಇಲ್ಲೊಂದು ಎಚ್ಚರಿಕೆ. ಯಾರ ತಪ್ಪೆಂದು ರುಜುವಾತು ಮಾಡದೆಯೇ ಸಿಗುವ ಪರಿಹಾರವೊಂದುಂಟು: ಮರಣವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ ರೂಪಾಯಿ. ಇದು ಬೇಗ ಕೈಗೆ ಬರುವ ಹಣ. ಆದರೆ ಈ ಕಲಮಿನ ಕೆಳಗೆ ಬಂದ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ನಿಮ್ಮ ಪೂರ್ಣ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ನಿಮ್ಮ ಕಡೆಯ ಸಾಕ್ಷ್ಯ ದುರ್ಬಲವಾಗಿದ್ದರೆ ಅದೇ ಲೇಸಾಗಬಹುದು. ಕೈಕಾಲು ಊನವಾದವರು ಎರಡು ಸಲ ಯೋಚಿಸಬೇಕು. ಲೋಕ ಅದಾಲತ್ತಿನಲ್ಲಿ ಆಗುವ ರಾಜಿಯೂ ಕೊನೆಯದು. ಅದರ ಮೇಲೆ ಅಪೀಲಿಲ್ಲ. ನ್ಯಾಯಮಂಡಳಿಯ ತೀರ್ಪು ಸಾಲದೆನಿಸಿದರೆ ಮಾತ್ರ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಅದಕ್ಕೆ ವ್ಯಾಜ್ಯದ ಮೊತ್ತ 1 ಲಕ್ಷಕ್ಕೆ ಕಡಿಮೆಯಿರಕೂಡದು.

ಯಾವುದೇ ರಾಜಿಗೆ ರುಜು ಹಾಕುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇನ್ನು ಗುಣವಾಗುವುದು ಇಷ್ಟೇ ಎಂದು ಡಾಕ್ಟರು ಹೇಳಿದ್ದಾರೆಯೇ? ಮುಂದೆ ಆಪರೇಷನ್ ಬಾಕಿಯಿದೆಯೇ? ಊನದ ಅಳತೆ ಆಗಿದೆಯೇ? ಹೇಳಿದ ಮೊತ್ತದಲ್ಲಿ ಬಡ್ಡಿ ಸೇರಿದೆಯೇ? ನಾಲ್ಕಕ್ಕೂ ಉತ್ತರ ದೊರೆತ ಮೇಲೆ ರಾಜಿ ಒಳ್ಳೆಯದೇ. ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದಕ್ಕಿಂತ ನ್ಯಾಯವಾದ ರಾಜಿ ಮೇಲು. ಅದಕ್ಕೆ ಮೊದಲು ಮಾತ್ರ "ಆತುರಗಾರನಿಗೆ ಬುದ್ಧಿ ಮಟ್ಟ" ಎಂಬ ಗಾದೆ ನೆನಪಿರಲಿ.

ವಿಮೆ ಇದ್ದೂ ಸಿಗದ ಸಂದರ್ಭಗಳು

ಕಬ್ಬಿನ ಹೊರೆಯ ಮೇಲೆ, ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಬರುವುದು ನಮ್ಮಲ್ಲಿ ಸಾಮಾನ್ಯ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2003ರಲ್ಲೇ ತೀರ್ಮಾನಿಸಿದೆ. ಸರಕಿನ ಮಾಲೀಕನಿಗೆ ಅಥವಾ ಅವನು ಕಳುಹಿಸಿದ ಆಳಿಗೆ ರಕ್ಷಣೆಯುಂಟು; ಮದುವೆಗೆಂದು ಹತ್ತಿದ ಇಪ್ಪತ್ತು ಜನರಿಗಿಲ್ಲ. ಟ್ರಾಕ್ಟರಿಗೆ ವಿಮೆ ಮಾಡಿಸಿ ಟ್ರೈಲರನ್ನು ಬಿಟ್ಟಿದ್ದರೆ ಅದೂ ತಕರಾರಿಗೆ ದಾರಿ. ಟ್ರಾಕ್ಟರು ಇಟ್ಟಿರುವ ರೈತರು ಪಾಲಿಸಿಯನ್ನು ಇಂದೇ ತೆಗೆದು ನೋಡಿರಿ. ಕಂಪನಿ ಹೊಣೆಯಲ್ಲದ ಕಡೆ ಪರಿಹಾರ ನಿಮ್ಮ ಹೊಲ ಮನೆಗಳ ಮೇಲೆ ಬರುತ್ತದೆ.

ಬೈಕಿನ ಹಿಂದೆ ಕುಳಿತವರ ಪಾಡೂ ಪಾಲಿಸಿಯನ್ನು ಅವಲಂಬಿಸಿದೆ. ಬೇರೆ ವಾಹನ ಬಂದು ಗುದ್ದಿದರೆ ಆ ವಾಹನದ ಕಂಪನಿಯನ್ನು ಕೇಳಬಹುದು. ತಾವು ಕುಳಿತ ಬೈಕೇ ಜಾರಿದರೆ, ಬರಿಯ ಮೂರನೆಯ ಪಕ್ಷದ ಪಾಲಿಸಿಯಲ್ಲಿ ಹಿಂಬದಿ ಸವಾರನಿಗೆ ರಕ್ಷಣೆಯಿಲ್ಲವೆಂದು 2006ರ ತೀರ್ಪು ಹೇಳುತ್ತದೆ. ಪೂರ್ಣ ಪಾಲಿಸಿಯಲ್ಲಿ ಉಂಟು.

ಚಾಲಕನಿಗೆ ಲೈಸೆನ್ಸು ಇರಲಿಲ್ಲವೆಂದು ಕಂಪನಿ ಹೇಳಿದರೆ ಗಾಯಾಳುಗಳು ನಿರಾಶರಾಗಬೇಕಿಲ್ಲ. ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆಜ್ಞೆ ಮಾಡುವ ಅಧಿಕಾರ ನ್ಯಾಯಮಂಡಳಿಗಿದೆ. 2004ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು.

ನಿಮ್ಮ ಕಡೆಯ ತಪ್ಪೂ ಸೇರಿದ್ದರೆ ಅದರ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೆ 2023ರ ಆಗಸ್ಟ್ 1ರಿಂದ ನಿಷೇಧ ಹಾಕಲಾಯಿತು. ಸರ್ವೀಸ್ ರಸ್ತೆ ಬಿಟ್ಟು ಅಲ್ಲಿಗೆ ಹೋದವರ ಮೇಲೆ ತಪ್ಪು ಹೊರಿಸುವುದು ಕಂಪನಿಗೆ ಸುಲಭ.

ಗುದ್ದಿದ ವಾಹನ ಸಿಗದಿದ್ದರೆ

ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೂ ದಾರಿಯುಂಟು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾಧಿಕಾರಿಗಳು. ಎಫ್.ಐ.ಆರ್. ಮತ್ತು ಆಸ್ಪತ್ರೆಯ ಕಾಗದ ಇಲ್ಲಿಯೂ ಬೇಕು.

ನಿಮ್ಮದೇ ವಿಮೆ

ಇದುವರೆಗೆ ಹೇಳಿದುದು ಬೇರೆಯವರ ವಾಹನದ ವಿಮೆ. ತೆಂಗಿನ ಮರದಿಂದ ಬಿದ್ದರೆ, ಹಾವು ಕಚ್ಚಿದರೆ ಯಾವ ಲಾರಿಯವನನ್ನು ಕೇಳುವುದು? ಅದಕ್ಕೆ ನಿಮ್ಮದೇ ವಿಮೆ ಬೇಕು. 2015ರ ಮೇ ತಿಂಗಳಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ವಿಮಾ ಯೋಜನೆ 18ರಿಂದ 70 ವರ್ಷದವರೆಗಿನ ಬ್ಯಾಂಕ್ ಖಾತೆದಾರರಿಗೆ ಉಂಟು. ವರ್ಷದ ಕಂತು 2022ರ ಜೂನ್ 1ರಿಂದ 20 ರೂಪಾಯಿ. ಅಪಘಾತದಿಂದ ಮರಣವಾದರೆ ಅಥವಾ ಎರಡು ಕಣ್ಣು, ಎರಡು ಕೈ ಇಲ್ಲವೇ ಎರಡು ಪಾದ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಪಾದ ಹೋದರೆ 1 ಲಕ್ಷ. ಅಪಘಾತವಾದ 30 ದಿನಗಳೊಳಗೆ ಬ್ಯಾಂಕಿನಲ್ಲಿ ಅರ್ಜಿ ಕೊಡಬೇಕು. ಹಾವು ಕಚ್ಚಿದುದಕ್ಕೆ, ಮರದಿಂದ ಬಿದ್ದುದಕ್ಕೆ ಆಸ್ಪತ್ರೆಯ ದಾಖಲೆ ಆಧಾರ. ಮನೆಯವರಿಗೆ ಈ ವಿಮೆ ಇರುವುದೇ ತಿಳಿಯದೆ ಹಣ ಹೋಗುವುದುಂಟು. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇರಲಿ. ಪಾಸ್‌ಬುಕ್ಕಿನ ಮೇಲೆ ವಿಮೆಯ ವಿಷಯ ಬರೆದಿಡಿರಿ.

ನಿಮ್ಮ ಪಾಲಿಸಿಯ ಹಣವನ್ನು ಕಂಪನಿ ಅನ್ಯಾಯವಾಗಿ ತಡೆದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255. ಇದು ನಿಮ್ಮ ಸ್ವಂತ ಪಾಲಿಸಿಗೆ ಮಾತ್ರ. ಬೇರೆಯವರ ವಾಹನದಿಂದಾದ ಗಾಯಕ್ಕೆ ನ್ಯಾಯಮಂಡಳಿಯೇ ಸರಿ.

ದಲ್ಲಾಳಿಗಳೂ ಸುಳ್ಳು ಕೇಸುಗಳೂ

ಆಸ್ಪತ್ರೆಯ ಬಾಗಿಲಲ್ಲೇ "ನಾವು ಎಲ್ಲಾ ನೋಡಿಕೊಳ್ಳುತ್ತೇವೆ, ಬಂದುದರಲ್ಲಿ ಇಷ್ಟು ಪಾಲು" ಎನ್ನುವವರು ಸಿಗುತ್ತಾರೆ. ಪಾಲಿನ ಲೆಕ್ಕದಲ್ಲಿ ಫೀಸು ಗೊತ್ತುಮಾಡುವುದು ವಕೀಲರ ವೃತ್ತಿ ನಿಯಮಗಳಿಗೆ ವಿರುದ್ಧ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಹಾಗೂ ಗೊತ್ತಾದ ಆದಾಯ ಮಿತಿಯೊಳಗಿನವರಿಗೆ ಸರ್ಕಾರದ ವತಿಯಿಂದ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿರಿ, ಅಥವಾ 15100ಕ್ಕೆ ಫೋನು ಮಾಡಿರಿ.

ತಾನಾಗಿ ಬಿದ್ದು ಕೈ ಮುರಿದುಕೊಂಡು, ವಿಮೆ ಇರುವ ನೆಂಟರ ಗಾಡಿಯನ್ನು ದೂರಿನಲ್ಲಿ ಸೇರಿಸುವ ದುರ್ಬುದ್ಧಿಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆಸ್ಪತ್ರೆಯ ಮೊದಲ ಬರಹವೇ ಅದನ್ನು ಬಯಲು ಮಾಡುತ್ತದೆ. ಹಣವೂ ಇಲ್ಲ, ಮೇಲೆ ಕ್ರಿಮಿನಲ್ ಮೊಕದ್ದಮೆ. ಅಂಥ ಒಂದು ಕೇಸಿನಿಂದ ಆ ಊರಿನಿಂದ ಬರುವ ನಿಜವಾದ ಹತ್ತು ಕೇಸುಗಳ ಮೇಲೂ ಸಂಶಯ ಬೀಳುತ್ತದೆ.

ರೈತ ಬಾಂಧವರೇ, ಈ ವಾರ ಮನೆಯಲ್ಲಿ ಮೂರು ಕೆಲಸ ಮಾಡಿರಿ. ನಿಮ್ಮ ಬೈಕು, ಟ್ರಾಕ್ಟರು, ಟ್ರೈಲರುಗಳ ವಿಮೆಯ ತಾರೀಖು ನೋಡಿರಿ. ಬ್ಯಾಂಕಿನಲ್ಲಿ 20 ರೂಪಾಯಿ ವಿಮೆ ಇದೆಯೇ ಎಂದು ಕೇಳಿರಿ. ಟ್ರೈಲರಿನ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿರಿ. ಹಾಲು ಹಾಕಿ ಬರುವ ನೆರೆಯವನ ಕಣ್ಣಿಗೆ ಅದು ಕತ್ತಲಲ್ಲಿ ಕಾಣಲಿ.

— ಗ್ರಾಮಸೇವಕ